ಹಿತ್ತಿಲ ಮಾತು: ಬೇರೆಯವರ ದಣಪೆ ದಾಟಿ

ಹೋದ ಸಂಚಿಕೆಯಲ್ಲಿ ಇಂಗ್ಲೆಂಡಿನ ಇಲ್ಮಿಂಗ್ಟನ್ ಎಂಬ ಹಳ್ಳಿಗೆ ಹಿತ್ತಿಲು ನೋಡಲು ಹೋಗಿಬಂದದ್ದನ್ನು ನಾಲ್ಕೇ ಸಾಲಿನಲ್ಲಿ ಬರೆದಿದ್ದೆ. ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಅದರದ್ದೇ. ಮಲ್ಲಿಗೆ ಎಲೆ ಮುದುಡುವುದು, ದಾಸವಾಳಕ್ಕೆ ಬಿಳಿ ಹಿಟ್ಟಿನಂಥ ಹುಳು ಹತ್ತುವುದು, ಇವನ್ನು ಕೇಳಿದವರು ಒಂದು ತಿಂಗಳು ತಡೆದುಕೊಳ್ಳಿ. ಅಲ್ಲಿಯತನಕ ದಾಸವಾಳಕ್ಕೆ ಬೇವಿನೆಣ್ಣೆ ಹೊಡೆಯುತ್ತಿರಿ.

ಪ್ರಶ್ನೆ: ಅಕ್ಕಾ, ಜೂನ್ ತಿಂಗಳಲ್ಲಿ ಮಗನ ಮನೆಗೆ ಕವೆಂಟ್ರಿಗೆ ಹೋಗುವವಳಿದ್ದೇನೆ. ಹತ್ತಿರದ ಹಳ್ಳಿಯಲ್ಲಿ ‘ಓಪನ್ ಗಾರ್ಡನ್ಸ್’ ಇದೆ, ಒಂದು ಭಾನುವಾರ ಕರೆದುಕೊಂಡು ಹೋಗುತ್ತೇನೆ ಅಂತಾಳೆ ಸೊಸೆ. ದುಡ್ಡು ಕೊಟ್ಟು ಗುರುತಿಲ್ಲದವರ ಮನೆ ಹಿತ್ತಿಲಿಗೆ ಹೋಗುವುದು ನನಗೆ ಒಂಥರಾ ಸಂಕೋಚ. ಅಲ್ಲಿ ಏನು ನೋಡಬೇಕು, ಹೇಗಿರಬೇಕು? (ಶಿರಸಿಯ ಓದುಗರು)

ಉತ್ತರ: ತಂಗಿ, ಸಂಕೋಚ ಬಿಟ್ಟು ಹೋಗಿ. ನನ್ನ ಮಗಳ ಮನೆಯೂ ಅದೇ ಕಡೆ. ಅವಳು ಮೊದಲ ಸಲ ಕರೆದಾಗ ನನಗೂ ನಿಮ್ಮ ಹಾಗೇ ಅನ್ನಿಸಿತ್ತು.

ವರ್ಷಕ್ಕೆ ಒಂದೋ ಎರಡೋ ದಿನ, ಹೆಚ್ಚಾಗಿ ಜೂನ್ ತಿಂಗಳ ಶನಿವಾರ, ಭಾನುವಾರ, ಒಂದು ಊರಿನ ಹತ್ತಿಪ್ಪತ್ತು ಮನೆಯವರು ಸೇರಿಕೊಂಡು ತಮ್ಮ ಹಿತ್ತಿಲಿನ ಬಾಗಿಲು ತೆರೆದಿಡುತ್ತಾರೆ. ಊರ ಸಭಾಭವನದ ಹತ್ತಿರ ಮೇಜು ಹಾಕಿಕೊಂಡು ಇಬ್ಬರು ಕೂತಿರುತ್ತಾರೆ. ಐದರಿಂದ ಹತ್ತು ಪೌಂಡಿನೊಳಗೆ ಒಂದೇ ಟಿಕೆಟ್ಟು, ಅದರಲ್ಲಿ ಎಲ್ಲ ಮನೆಗಳೂ ಬರುತ್ತವೆ. ಟಿಕೆಟ್ಟಿನ ಜೊತೆ ಕೈಯಲ್ಲಿ ಬರೆದ ಊರಿನ ನಕ್ಷೆ ಕೊಡುತ್ತಾರೆ, ಮನೆಮನೆಗೂ ಒಂದು ಅಂಕಿ. ಅಂಕಿ ನೋಡಿಕೊಂಡು ನಡೆಯುವುದು, ಬಾಗಿಲಿಗೆ ಬಲೂನೋ ಹಳದಿ ಚೀಟಿಯೋ ಕಂಡರೆ ಒಳಗೆ ಹೋಗುವುದು. ಕರೆಯುವವರಿಗಾಗಿ ಹೊರಗೆ ನಿಂತು ಕಾಯಬೇಕಿಲ್ಲ, ತೆರೆದ ಬಾಗಿಲೇ ಕರೆ.

ಇಲ್ಮಿಂಗ್ಟನ್ ಇರುವುದು ವಾರಿಕ್‌ಶೈರ್‌ನಲ್ಲಿ, ಷೇಕ್ಸ್‌ಪಿಯರ್ ಹುಟ್ಟಿದ ಸ್ಟ್ರಾಟ್‌ಫರ್ಡ್‌ನಿಂದ ದಕ್ಷಿಣಕ್ಕೆ ಎಂಟು ಮೈಲಿಯ ಆಸುಪಾಸು. ಮನೆಗಳೆಲ್ಲ ಜೇನಿನ ಬಣ್ಣದ ಕಲ್ಲಿನವು. ಸಣ್ಣ ಊರು, ಆದರೆ 1934ರ ಕ್ರಿಸ್‌ಮಸ್ ದಿನ ದೊರೆ ಐದನೇ ಜಾರ್ಜ್ ರೇಡಿಯೋದಲ್ಲಿ ಮಾತಾಡುವ ಮೊದಲು ಇಲ್ಲಿಯ ಕುರಿ ಕಾಯುವವನೊಬ್ಬ ಮಾತಾಡಿದ್ದನಂತೆ, ಅದು ಸಾಮ್ರಾಜ್ಯದ ಉದ್ದಗಲಕ್ಕೂ ಕೇಳಿಸಿತ್ತಂತೆ. ಊರವರು ಆ ಕತೆಯನ್ನು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ.

ನೋಡುವುದೇನು ಅಂದಿರಿ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ನೀವು ನೋಡಿರುತ್ತೀರಿ. ಅದರ ಚಂದವೇ ಬೇರೆ. ಅಲ್ಲಿ ಕುಂಡದಲ್ಲಿ ಬೆಳೆಸಿದ್ದನ್ನು ಹೂ ತುಂಬಿದ ಹೊತ್ತಿಗೆ ತಂದು ಜೋಡಿಸಿರುತ್ತಾರೆ. ಇಲ್ಲಿ ಗಿಡ ಇರುವುದು ತನ್ನದೇ ನೆಲದಲ್ಲಿ. ಬಟ್ಟೆ ಒಣಹಾಕುವ ಹಗ್ಗ ಪಕ್ಕದಲ್ಲೇ, ಮೊಮ್ಮಕ್ಕಳ ಜೋಕಾಲಿ ಅಲ್ಲೇ, ಗೊಬ್ಬರದ ಗುಂಡಿಯೂ ಅಲ್ಲೇ. ನಮ್ಮ ಮಲೆನಾಡಿನಲ್ಲಿ ತೋಟ ಅಂದರೆ ಅಡಿಕೆ ತೋಟ, ಅದು ಬದುಕು. ಮನೆ ಹಿಂದಿನ ಹೂವು, ಬಸಳೆ, ಕೆಸು ಇವೆಲ್ಲ ಹಿತ್ತಿಲು, ಅದು ಹೆಂಗಸರ ಕೈಗುಣ. ನಾನಂತೂ ಇಲ್ಮಿಂಗ್ಟನ್ನಿನಲ್ಲಿ ನೋಡಿದ್ದನ್ನು ಹಿತ್ತಿಲು ಎಂದೇ ಕರೆಯುತ್ತೇನೆ.

ಮೂರನೆಯದೋ ನಾಲ್ಕನೆಯದೋ ಮನೆ. ಎಂಬತ್ತು ದಾಟಿದ ಅಜ್ಜ ಒಬ್ಬರು ಮಡಚುವ ಕುರ್ಚಿಯಲ್ಲಿ ಕೂತಿದ್ದರು. ಹಿಂದೆ ಬಿದಿರು ಕೋಲುಗಳನ್ನು ಮೇಲೆ ಸೇರಿಸಿ ಕಟ್ಟಿದ ಗೂಡು, ಮೈತುಂಬ ಸ್ವೀಟ್ ಪೀ ಬಳ್ಳಿ. ನಮ್ಮ ಶಂಖಪುಷ್ಪದ ದೂರದ ನೆಂಟ, ಎರಡೂ ಅವರೆ ಜಾತಿಯವು. ಮಾಸಲು ಗುಲಾಬಿ, ನೇರಳೆ, ಹಾಲಿನ ಬಿಳಿ, ಅಂಚಿಗೆ ಮಾತ್ರ ಬಣ್ಣ ಹಚ್ಚಿದಂಥವು. ಹತ್ತು ಹೆಜ್ಜೆ ದೂರಕ್ಕೇ ಪರಿಮಳ. ಚಂದ ಇದೆ ಅಂದೆ, ನಕ್ಕರು. ‘ಕೆಳಗಿನಿಂದ ಮೇಲಿನವರೆಗೆ ಒಂದೂ ಕಾಯಿ ಕಾಣುತ್ತಿಲ್ಲವಲ್ಲ, ಹೇಗೆ?’ ಅಂತ ಮಗಳ ಮೂಲಕ ಕೇಳಿಸಿದೆ ನೋಡಿ, ಅಜ್ಜ ಕುರ್ಚಿಯಿಂದ ಎದ್ದೇಬಿಟ್ಟರು. ಜೇಬಿನಿಂದ ಸಣ್ಣ ಕತ್ತರಿ ತೆಗೆದು ನನ್ನ ಕೈಗೆ ಕೊಟ್ಟರು. ದಿನ ಬಿಟ್ಟು ದಿನ ಹೂ ಕೊಯ್ಯಲೇಬೇಕಂತೆ. ಒಂದು ಕಾಯಿ ಬಲಿಯಿತೋ, ಬೀಜ ಆಯಿತಲ್ಲ ಎಂದು ಬಳ್ಳಿ ಹೂಬಿಡುವುದನ್ನು ನಿಲ್ಲಿಸುತ್ತದೆ. ಎಲೆಯ ಅಡಿ ಅಡಗಿದ್ದ ಒಂದು ಎಳೆ ಕಾಯಿ ನನ್ನ ಕಣ್ಣಿಗೆ ಬಿತ್ತು, ಬೆರಳುದ್ದವೂ ಇಲ್ಲ, ಮೈಮೇಲೆಲ್ಲ ಬೆಳ್ಳಗಿನ ನವಿರು ರೋಮ. ಅದನ್ನು ಕತ್ತರಿಸಿ ಅವರ ಅಂಗೈಗೆ ಹಾಕಿದೆ. ಆಮೇಲೆ ನಾವಿಬ್ಬರೂ ಸೇರಿ ಹದಿನೈದು ನಿಮಿಷ ಹೂ ಕೊಯ್ದೆವು. ಈ ಹೂವಿನ ಬೀಜ 1699ರಲ್ಲಿ ಸಿಸಿಲಿಯ ಸನ್ಯಾಸಿಯೊಬ್ಬರು ಇಂಗ್ಲೆಂಡಿನ ಒಬ್ಬ ಮೇಷ್ಟರಿಗೆ ಕಳಿಸಿದ್ದು ಎಂದು ಆಗಲೇ ಗೊತ್ತಾಗಿದ್ದು. ಇಷ್ಟೆಲ್ಲ ಆದರೂ ಅವರ ಹೆಸರು ನಾನು ಕೇಳಲಿಲ್ಲ, ನನ್ನ ಹೆಸರನ್ನು ಅವರೂ ಕೇಳಲಿಲ್ಲ.

ಹೇಗಿರಬೇಕು ಎಂದು ಕೇಳಿದ್ದಕ್ಕೆ ನನ್ನ ಉತ್ತರ ಇದೇ. ‘ಚಂದ ಇದೆ’ ಅಂದರೆ ಅಲ್ಲಿಗೆ ಮಾತು ಮುಗಿಯುತ್ತದೆ. ಯಾವುದಾದರೂ ಒಂದೇ ಗಿಡದ ಮುಂದೆ ನಿಂತು ಅದರ ಬಗ್ಗೆ ಒಂದು ಪ್ರಶ್ನೆ ಕೇಳಿ. ಯಾವಾಗ ಸವರುತ್ತೀರಿ, ಬುಡಕ್ಕೆ ಏನು ಹಾಕುತ್ತೀರಿ, ಬಸವನಹುಳುವಿಗೆ ಏನು ಮಾಡುತ್ತೀರಿ, ಯಾವುದಾದರೂ ಸರಿ. ಬಸವನಹುಳುವಿನ ಪ್ರಶ್ನೆಗಂತೂ ಪ್ರತಿ ಮನೆಯಲ್ಲೂ ಉತ್ತರ ಇರುತ್ತದೆ. ಕುಂಡಕ್ಕೆ ತಾಮ್ರದ ಪಟ್ಟಿ ಸುತ್ತುವವರಿದ್ದಾರೆ, ತಟ್ಟೆಯಲ್ಲಿ ಬಿಯರ್ ಇಡುವವರಿದ್ದಾರೆ, ರಾತ್ರಿ ಟಾರ್ಚು ಹಿಡಿದು ಹೆಕ್ಕುವವರಿದ್ದಾರೆ. ಮಳೆಗಾಲದಲ್ಲಿ ನಾವು ಪಡುವ ಪಾಡನ್ನೇ ಅವರೂ ಪಡುತ್ತಾರೆ.

ಒಂದು ಮಾತ್ರ ನೆನಪಿಡಿ. ಬೆಳಿಗ್ಗೆ ಎದ್ದು ಅಕ್ಕಪಕ್ಕದ ಬೇಲಿಯ ಹೂ ಕೊಯ್ದು ದೇವರ ತಲೆಗೆ ಏರಿಸುವ ಕೈ ನಮ್ಮದು. ಯಾರೂ ಏನೂ ಅನ್ನುವುದಿಲ್ಲ. ಅಲ್ಲಿ ಆ ಕೈಯನ್ನು ಕಟ್ಟಿಕೊಂಡಿರಬೇಕು, ಉದುರಿದ್ದನ್ನು ಬೇಕಾದರೆ ಎತ್ತಿಕೊಳ್ಳಿ. ನನಗೆ ಕತ್ತರಿ ಸಿಕ್ಕಿದ್ದು ಅವರಾಗಿ ಕೊಟ್ಟಿದ್ದರಿಂದ.

ಮೊಮ್ಮಕ್ಕಳನ್ನು ಕರೆದೊಯ್ಯುವುದಾದರೆ ಫಾಕ್ಸ್‌ಗ್ಲೋವ್ ಹತ್ತಿರ ಕಣ್ಣಿಟ್ಟಿರಿ. ಎದೆಯೆತ್ತರದ ದಂಟು, ಅದರ ಒಂದು ಮಗ್ಗುಲಿಗೆ ಸಾಲಾಗಿ ಇಳಿಬಿದ್ದ ಗುಲಾಬಿ ಬಣ್ಣದ ಗಂಟೆ. ಗಂಟೆಯೊಳಗೆ ಬಗ್ಗಿ ನೋಡಿದರೆ ಕಡುಕೆಂಪು ಚುಕ್ಕೆ, ಚುಕ್ಕೆಯ ಸುತ್ತ ಬಿಳಿ ಬಳೆ. ದುಂಬಿ ಒಳಹೊಕ್ಕರೆ ಹೂವಿಗೆ ಹೂವೇ ಗುಂಯ್ ಅನ್ನುತ್ತದೆ. ಮಕ್ಕಳಿಗೆ ಬೆರಳು ತೂರಿಸುವ ಆಸೆ ಆಗದೆ ಇರದು. ಆದರೆ ಗಿಡಕ್ಕೆ ಗಿಡವೇ ವಿಷ. ಅದೇ ವಿಷವನ್ನು ಅಳೆದು ಕೊಟ್ಟರೆ ಮೈಯಲ್ಲಿ ನೀರು ತುಂಬಿ ಬಾತುಕೊಳ್ಳುವ ರೋಗಕ್ಕೆ ಮದ್ದಾಗುತ್ತದೆ ಎಂದು 1785ರಲ್ಲಿ ಪುಸ್ತಕ ಬರೆದವರು ಬರ್ಮಿಂಗ್‌ಹ್ಯಾಮ್‌ನ ವೈದ್ಯ ವಿಲಿಯಂ ವಿದರಿಂಗ್. ಆ ಊರು ನಿಮ್ಮ ಮಗನ ಮನೆಗೆ ಹತ್ತಿರವೇ. ಹೃದಯದ ರೋಗಕ್ಕೆ ಡಿಗಾಕ್ಸಿನ್ ಮಾತ್ರೆ ನುಂಗುವವರು ನಮ್ಮಲ್ಲೂ ಇದ್ದಾರಲ್ಲ, ಅದು ಈ ಕುಲದ ಗಿಡದಿಂದಲೇ ಬಂದದ್ದು.

ಮಕ್ಕಳಿಗೆ ಹೂ ನೋಡಿ ಬೇಸರ ಬಂದರೆ ಚರ್ಚಿನೊಳಗೆ ಕರೆದುಕೊಂಡು ಹೋಗಿ. ಇಲ್ಮಿಂಗ್ಟನ್ ಚರ್ಚಿನ ಮರದ ಬೆಂಚುಗಳ ಮೇಲೆ ಅಲ್ಲಲ್ಲಿ ಹೆಬ್ಬೆರಳುದ್ದದ ಇಲಿಗಳನ್ನು ಕೆತ್ತಿದ್ದಾರೆ. ಯಾರ್ಕ್‌ಶೈರ್ ಕಡೆಯ ರಾಬರ್ಟ್ ಥಾಂಪ್ಸನ್ ಎಂಬ ಬಡಗಿ ತಾನು ಮಾಡಿದ ಸಾಮಾನಿನ ಮೇಲೆ ಹೀಗೆ ಇಲಿ ಕೂರಿಸುತ್ತಿದ್ದನಂತೆ, ಅದೇ ಅವನ ರುಜು. ನನ್ನ ಮೊಮ್ಮಗಳು ಮಂಡಿಯೂರಿ ಹುಡುಕುತ್ತ ಮುಕ್ಕಾಲು ಗಂಟೆ ಕಳೆದಳು.

ಪ್ರಶ್ನೆ: ದುಡ್ಡು ಯಾರಿಗೆ ಹೋಗುತ್ತದೆ? ಮನೆಯವರಿಗೋ? ಈ ಪದ್ಧತಿ ಹುಟ್ಟಿದ್ದು ಹೇಗೆ? (ಮೈಸೂರಿನ ನಿವೃತ್ತ ಶಿಕ್ಷಕರು)

ಉತ್ತರ: ಮನೆಯವರಿಗೆ ಒಂದು ಪೆನ್ನಿಯೂ ಇಲ್ಲ ಸರ್. ಕೆಲವು ಊರುಗಳು ತಮ್ಮ ಚರ್ಚಿನ ಮಾಡಿಗೋ ಸಭಾಭವನದ ದುರಸ್ತಿಗೋ ತಾವೇ ಎತ್ತುತ್ತವೆ. ಇನ್ನು ಕೆಲವು ನ್ಯಾಷನಲ್ ಗಾರ್ಡನ್ ಸ್ಕೀಮ್ ಎಂಬ ದತ್ತಿಸಂಸ್ಥೆಯ ಜೊತೆ ಸೇರಿ ಮಾಡುತ್ತವೆ. ಇಲ್ಮಿಂಗ್ಟನ್ ಈ ಎರಡನೆಯ ಸಾಲಿನದು.

ಇದರ ಹುಟ್ಟು ದಾದಿಯರಿಂದ. ಲಿವರ್‌ಪೂಲಿನ ವ್ಯಾಪಾರಿ ವಿಲಿಯಂ ರಾತ್‌ಬೋನ್ ಎಂಬವರ ಹೆಂಡತಿ ಕಾಯಿಲೆ ಬಿದ್ದು ತೀರಿಕೊಂಡರು. ಕೊನೆಗಾಲದಲ್ಲಿ ಮನೆಗೇ ಬಂದು ಆರೈಕೆ ಮಾಡಿದ ದಾದಿಯನ್ನು ಕಂಡು, ದುಡ್ಡಿಲ್ಲದ ಮನೆಗಳ ಗತಿಯೇನು ಎಂದು ಅವರಿಗೆ ಅನ್ನಿಸಿತು. 1859ರಲ್ಲಿ ಅದೇ ದಾದಿಯನ್ನು ಬಡವರ ಮನೆಗಳಿಗೆ ಕಳಿಸಲು ಶುರು ಮಾಡಿದರು. ಮನೆಮನೆಗೆ ಹೋಗುವ ದಾದಿಯರ ಪದ್ಧತಿ ಅಲ್ಲಿಂದ ಬೆಳೆಯಿತು. ಮುಂದೆ ಅವರ ತರಬೇತಿಗೆ, ವಯಸ್ಸಾದ ದಾದಿಯರ ನೆರವಿಗೆ ಹಣ ಬೇಕಾದಾಗ, ದಾದಿಯರ ಸಂಸ್ಥೆಯ ಸಮಿತಿಯಲ್ಲಿದ್ದ ಎಲ್ಸಿ ವ್ಯಾಗ್ ಎಂಬ ಮಹಿಳೆ ಒಂದು ಮಾತು ಹೇಳಿದರು: ಇಷ್ಟೊಂದು ಚಂದದ ತೋಟಗಳನ್ನು ಮನೆಯವರು, ನೆಂಟರು ಬಿಟ್ಟರೆ ಯಾರೂ ನೋಡುವುದಿಲ್ಲ, ತಲೆಗೊಂದು ಶಿಲ್ಲಿಂಗ್ ಪಡೆದು ಜನರಿಗೆ ತೋರಿಸೋಣ. 1927ರಲ್ಲಿ 609 ತೋಟಗಳು ತೆರೆದವು, ಕೂಡಿದ್ದು 8,191 ಪೌಂಡು. ಆಗ ಇಪ್ಪತ್ತು ಶಿಲ್ಲಿಂಗಿಗೆ ಒಂದು ಪೌಂಡು. ನೀವು ಮೇಷ್ಟರು, ಗುಣಿಸಿ ನೋಡಿ. ಒಬ್ಬರಿಗೆ ಒಂದೇ ಶಿಲ್ಲಿಂಗ್ ಎಂದು ಹಿಡಿದರೆ ಒಂದು ಲಕ್ಷ ಅರವತ್ತು ಸಾವಿರಕ್ಕೂ ಹೆಚ್ಚು ಜನ ಆ ಬಾಗಿಲುಗಳನ್ನು ದಾಟಿದ ಹಾಗಾಯಿತು. ತೆರೆಯುವ ತೋಟಗಳ ಪಟ್ಟಿ ವರ್ಷವರ್ಷವೂ ಪುಸ್ತಕವಾಗಿ ಬರುತ್ತದೆ, ರಟ್ಟು ಹಳದಿ, ಹೀಗಾಗಿ ಎಲ್ಲರ ಬಾಯಲ್ಲೂ ‘ಯೆಲ್ಲೋ ಬುಕ್’. ಈಗ ದಾದಿಯರ ಜೊತೆ ಕ್ಯಾನ್ಸರ್ ರೋಗಿಗಳ ಆರೈಕೆಗೆ, ಕೊನೆಗಾಲದ ಶುಶ್ರೂಷಾಗೃಹಗಳಿಗೂ ಹಣ ಹೋಗುತ್ತದೆ.

ನನ್ನ ತಾಯಿ ಕೊನೆಯ ಎಂಟು ತಿಂಗಳು ಹಾಸಿಗೆಯಲ್ಲೇ ಇದ್ದಳು. ವಾರಕ್ಕೊಮ್ಮೆ ಯಾರಾದರೂ ದಾದಿ ಮನೆತನಕ ಬರುವಂತಿದ್ದರೆ ಎಂದು ಎಷ್ಟು ಹಂಬಲಿಸಿದ್ದೆವು. ಗುಲಾಬಿ ನೋಡಲು ಬಂದವರು ಕೊಟ್ಟ ಪುಡಿಗಾಸು ಇಂಥ ಹಾಸಿಗೆಯ ಹತ್ತಿರ ತಲುಪುತ್ತದೆ ಎಂದು ಗೊತ್ತಾದ ಮೇಲೆ ನನಗೆ ಟಿಕೆಟ್ಟಿನ ದುಡ್ಡು ದುಬಾರಿ ಅನ್ನಿಸಲೇ ಇಲ್ಲ.

ಪ್ರಶ್ನೆ: ನಮ್ಮನೆಯ ಡೇರೆ (ಡೇಲಿಯಾ) ಗಡ್ಡೆ ನಾಲ್ಕು ಇಂಗ್ಲೆಂಡಿನ ಮಗಳಿಗೆ ಒಯ್ದು, ಬರುವಾಗ ಅಲ್ಲಿಯ ಹೂವಿನ ಬೀಜ, ಕಡ್ಡಿ ತರಬಹುದಾ? ಸೀರೆಯೊಳಗೆ ಸುತ್ತಿಟ್ಟರೆ ಗೊತ್ತಾಗುವುದಿಲ್ಲ ಅಂತಾರೆ. (ತೀರ್ಥಹಳ್ಳಿಯ ಓದುಗರು)

ಉತ್ತರ: ಬೇಡ. ಗೊತ್ತಾಗುತ್ತದೋ ಇಲ್ಲವೋ ಎಂಬ ಪ್ರಶ್ನೆಯೇ ಬೇಡ. ಗಡ್ಡೆ, ಬೀಜ, ಕಡ್ಡಿ, ಯಾವುದಕ್ಕೂ ರೋಗವಿಲ್ಲ ಎಂಬ ಸರ್ಕಾರಿ ಪ್ರಮಾಣಪತ್ರ ಬೇಕು. ನಮ್ಮ ದೇಶಕ್ಕೆ ತರಲು ಅದರ ಜೊತೆಗೆ ಮೊದಲೇ ಪಡೆದ ಪರವಾನಗಿಯೂ ಬೇಕು. ಮಣ್ಣಂತೂ ಅಂಟಿಕೊಂಡು ಬರಲೇಬಾರದು.

ನನ್ನ ನಾದಿನಿ ಹೀಗೇ ಸೀರೆಯಲ್ಲಿ ಸುತ್ತಿ ಒಯ್ದಿದ್ದಳು. ನಮ್ಮ ಅತ್ತೆ ಕಾಲದ ಕಡುಗೆಂಪು ಡೇರೆ, ಊಟದ ತಟ್ಟೆಯಷ್ಟು ಅಗಲದ ಹೂವು. ಇಳಿದ ಕೂಡಲೇ ಪೆಟ್ಟಿಗೆ ಬಿಚ್ಚಿಸಿದರು, ಅವಳ ಕಣ್ಣೆದುರೇ ಐದೂ ಗಡ್ಡೆ ಕಸದ ಡಬ್ಬಿಗೆ ಬಿದ್ದವು. ಅವಳ ಹಿತ್ತಿಲಲ್ಲಿ ಒಂದನ್ನೂ ಉಳಿಸಿರಲಿಲ್ಲ. ನಮ್ಮಲ್ಲಿದ್ದದ್ದು ಆ ವರ್ಷದ ಜಡಿಮಳೆಗೆ ಕೊಳೆತಿತ್ತು. ಜಾತಿ ಹೋಯಿತು ಎಂದೇ ಕೂತಿದ್ದೆವು. ಕೊನೆಗೆ ಕೆಳಮನೆಯ ಚಿಕ್ಕಮ್ಮ, ‘ನಿನ್ನತ್ತೆ ನನಗೆ ಕೊಟ್ಟಿದ್ದು ಇದೇ ಅಲ್ಲನೇ’ ಎಂದು ಮರಳಲ್ಲಿ ಹೂತಿಟ್ಟ ಮೂರು ಗಡ್ಡೆ ತಂದುಕೊಟ್ಟರು. ಈಗ ಅದು ಹನ್ನೊಂದು ಮನೆಯಲ್ಲಿದೆ, ಬೇಕೆಂದೇ ಹಂಚಿದ್ದೇನೆ.

ಕಾನೂನಿನ ಹೆದರಿಕೆ ಬದಿಗಿಡಿ, ಇನ್ನೊಂದು ಕಾರಣ ಹೇಳುತ್ತೇನೆ. ನಮ್ಮ ಕರ್ಣಕುಂಡಲ ಗೊತ್ತಲ್ಲ, ಬಲಿತ ಕಾಯಿ ಮುಟ್ಟಿದರೆ ಪಟ್ಟನೆ ಸಿಡಿಯುತ್ತದೆ. ಅದರ ಹಿಮಾಲಯದ ಅಕ್ಕ ಒಬ್ಬಳಿದ್ದಾಳೆ, ಆಳೆತ್ತರ ಬೆಳೆಯುತ್ತಾಳೆ. ಹೂವಿನ ಚಂದಕ್ಕೆ ಮರುಳಾಗಿ 1839ರಲ್ಲಿ ಇಂಗ್ಲೆಂಡಿಗೆ ಒಯ್ದರು. ಇವತ್ತು ಅಲ್ಲಿಯ ಹೊಳೆದಂಡೆಯ ಉದ್ದಕ್ಕೂ ಅದೇ, ಊರವರು ಭಾನುವಾರ ಭಾನುವಾರ ಗುಂಪು ಕಟ್ಟಿಕೊಂಡು ಕೀಳುತ್ತಾರೆ. ನಮ್ಮ ಕಾಡಿನ ಲಂಟಾನವನ್ನೂ ಚಂದದ ಹೂಗಿಡ ಎಂದೇ ತಂದದ್ದು. ಬಂಡೀಪುರದ ಹಾದಿಯಲ್ಲಿ ಹೋದವರಿಗೆ ಹೆಚ್ಚು ಹೇಳಬೇಕಿಲ್ಲ. ಎಲೆಚುಕ್ಕಿ ರೋಗಕ್ಕೆ ಅಡಿಕೆ ತೋಟ ಸೊರಗುವುದನ್ನು ನೋಡುತ್ತಿರುವ ನಮಗೆ, ಕಣ್ಣಿಗೆ ಕಾಣದ ಶಿಲೀಂಧ್ರ ಏನು ಮಾಡಬಲ್ಲದು ಎಂದು ಬೇರೆಯವರು ಕಲಿಸಬೇಕೇ?

ನಿಮ್ಮ ಮಗಳು ಅಲ್ಲಿಯೇ ಸಸಿ ಕೊಳ್ಳಲಿ. ಪ್ರತಿ ಹಳ್ಳಿಯ ಓಪನ್ ಗಾರ್ಡನ್ಸ್‌ನಲ್ಲೂ ಊರವರು ಎಬ್ಬಿಸಿದ ಸಸಿಗಳ ಮೇಜು ಇರುತ್ತದೆ, ಮೊಸರಿನ ಡಬ್ಬಿಯಲ್ಲಿ ನೆಟ್ಟು ಐಸ್‌ಕ್ರೀಂ ಕಡ್ಡಿಯ ಮೇಲೆ ಹೆಸರು ಬರೆದಿರುತ್ತಾರೆ. ಎಷ್ಟೋ ಕಡೆ ಕಾಯುವವರೂ ಇರುವುದಿಲ್ಲ, ಡಬ್ಬಿಗೆ ದುಡ್ಡು ಹಾಕಿ ಸಸಿ ಎತ್ತಿಕೊಳ್ಳುವುದು. ಚಿಲ್ಲರೆ ಇಟ್ಟುಕೊಂಡಿರಿ. ಡೇರೆ ಅಲ್ಲಿಯೂ ಸಿಗುತ್ತದೆ. ಅದು ಅವರದೂ ಅಲ್ಲ, ನಮ್ಮದೂ ಅಲ್ಲ, ಮೆಕ್ಸಿಕೋದ್ದು. ಜೂನ್ ತಿಂಗಳಿಗೆ ಹೂ ಹುಡುಕಬೇಡಿ, ಅಲ್ಲಿ ಡೇರೆ ಅರಳುವುದು ಮಳೆಗಾಲದ ನಮ್ಮ ಡೇರೆಯ ಹೊತ್ತಿಗೇ.

ಪ್ರಶ್ನೆ: ಮೊಟ್ಟೆ ತಿನ್ನುವುದಿಲ್ಲ, ಮಂಡಿನೋವು ಬೇರೆ. ಇಡೀ ದಿನ ಆದೀತೇ? (ಸಾಗರದ ಓದುಗರು)

ಉತ್ತರ: ಆಗುತ್ತದೆ. ಸಭಾಭವನದಲ್ಲಿ ಚಹಾ, ಕೇಕು ಇಟ್ಟಿರುತ್ತಾರೆ, ಊರ ಹೆಂಗಸರೇ ಮಾಡಿದ್ದು. ಕೇಕಿನಲ್ಲಿ ಮೊಟ್ಟೆ ಇದ್ದೇ ಇರುತ್ತದೆ ಎಂದುಕೊಂಡು ಕೇಳಿಯೇ ತಿನ್ನಿ. ನಾನು ಅವಲಕ್ಕಿ ಕಲಸಿ ಒಯ್ದಿದ್ದೆ, ಚರ್ಚಿನ ಅಂಗಳದ ಬೆಂಚಿನ ಮೇಲೆ ಕೂತು ತಿಂದೆವು, ಚಹಾ ಮಾತ್ರ ಅವರದು. ಸೀರೆ ಉಡುವುದಾದರೆ ಒಂದು ಗೇಣು ಮೇಲೆ ಉಡಿ, ಹುಲ್ಲು ಒದ್ದೆ ಇರುತ್ತದೆ. ಚಪ್ಪಲಿ ಬೇಡ, ಬೂಟು ಹಾಕಿ. ಮೆಟ್ಟಿಲು ಇರುವ ಮನೆ ಯಾವುದು ಎಂದು ಟಿಕೆಟ್ಟಿನ ಮೇಜಿನಲ್ಲೇ ಕೇಳಿ ಬಿಟ್ಟುಬಿಡಿ. ಇದ್ದ ಮನೆಯನ್ನೆಲ್ಲ ನೋಡಿ ಮುಗಿಸುವ ಹಟ ಬೇಡ, ಐದು ಮನೆ ಸಾಕು. ಹಳ್ಳಿಗಳಿಗೆ ಭಾನುವಾರ ಬಸ್ಸು ಇರುವುದು ಅಪರೂಪ. ಕಾರಿನವರು ಸಿಕ್ಕರೆ ಮಾತ್ರ ಹೊರಡಿ.

ಪ್ರಶ್ನೆ: ನಮ್ಮ ಸ್ವಸಹಾಯ ಸಂಘದಲ್ಲಿ ಹದಿನಾಲ್ಕು ಜನ ಇದ್ದೇವೆ. ಎಲ್ಲರ ಮನೆಯಲ್ಲೂ ಹೂವಿದೆ. ನಮ್ಮೂರಲ್ಲಿ ಇಂಥದು ಮಾಡಬಹುದಾ? (ಹೊಸನಗರ ತಾಲ್ಲೂಕಿನ ಓದುಗರು)

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮಾಡಿ, ದಯವಿಟ್ಟು ಮಾಡಿ.

ಹದಿನಾಲ್ಕು ಮನೆಯನ್ನೂ ಒಂದೇ ಸಲ ತೆರೆಯಬೇಡಿ. ನಡೆದು ಮುಟ್ಟುವ ಹಾಗಿರುವ ಆರು ಸಾಕು. ಚೌತಿ ಕಳೆದು ನವರಾತ್ರಿಗೆ ಮುಂಚೆ, ಮಳೆ ಸ್ವಲ್ಪ ಹೊಳವಾದ ಒಂದು ಭಾನುವಾರ ಆರಿಸಿ. ಆಗ ಡೇರೆ ತುಂಬಿರುತ್ತದೆ, ಕರ್ಣಕುಂಡಲ ಇರುತ್ತದೆ. ಅಂಗಳದ ಹಾವಸೆ ಕೆರೆಸಿ ಸುಣ್ಣ ಹಾಕಿಸಿ, ಬಂದವರು ಜಾರಬಾರದು. ದುಡ್ಡು ಯಾತಕ್ಕೆ ಎಂದು ಮೊದಲೇ ಬೋರ್ಡು ಬರೆದು ಹಾಕಿ. ಶಾಲೆಯ ಶೌಚಾಲಯದ ಬಾಗಿಲು ಅಂತಲೇ ಬರೆಯಿರಿ, ‘ಸಮಾಜಸೇವೆ’ ಎಂದು ಬರೆದರೆ ಯಾರಿಗೂ ತಟ್ಟುವುದಿಲ್ಲ. ಗಡ್ಡೆ, ಬೀಜ ಕೈಯಿಂದ ಕೈಗೆ ದಾಟಿಸುವುದು ಹೇಗೆ ಎಂದು ನೋಡಬೇಕಾದರೆ ಶಿರಸಿಯ ವನಸ್ತ್ರೀ ಬಳಗದ ಹೆಂಗಸರನ್ನು ಕಂಡು ಬನ್ನಿ, ಅವರು ಈ ಕೆಲಸದಲ್ಲಿ ಪಳಗಿದವರು.

‘ನಮ್ಮದು ಏನು ಮಹಾ, ಸಗಣಿ ಗುಂಡಿ ಕಾಣುತ್ತದೆ, ನಾಚಿಕೆ’ ಎಂದು ನಿಮ್ಮಲ್ಲೊಬ್ಬರು ಹಿಂಜರಿದದ್ದನ್ನು ಬರೆದಿದ್ದೀರಿ. ಅವರಿಗೆ ಹೇಳಿ: ಇಲ್ಮಿಂಗ್ಟನ್ನಿನ ಒಬ್ಬರು ಹೆಂಗಸು ನನ್ನನ್ನು ಗುಲಾಬಿ ಚಪ್ಪರ ದಾಟಿಸಿಕೊಂಡು ನೇರ ತಮ್ಮ ಗೊಬ್ಬರದ ಗುಂಡಿಗೆ ಕರೆದೊಯ್ದರು. ಮೇಲೆ ಹೊದೆಸಿದ ಹಳೆಯ ಕಂಬಳಿ ಸರಿಸಿ ಕೈ ಇಡು ಎಂದರು. ಒಳಗೆ ಬೆಚ್ಚಗಿತ್ತು, ಕರು ಹಾಕಿದ ಕೊಟ್ಟಿಗೆಯ ಹುಲ್ಲಿನ ಹಾಗೆ. ನಮ್ಮಲ್ಲಿ ದರಕು, ಸೊಪ್ಪು, ಸಗಣಿ ಪದರ ಪದರ ಹಾಕುತ್ತೇವೆ ಎಂದು ಕೈಸನ್ನೆಯಲ್ಲೇ ತೋರಿಸಿದೆ. ಅವರು ಚೀಟಿ ತಂದು ಬರೆದುಕೊಂಡರು. ಆ ಹಿತ್ತಿಲಿನಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತದ್ದು ಆ ಗುಂಡಿಯ ಹತ್ತಿರ.

ಹಾಗಾಗಿ ಗುಂಡಿ ಮುಚ್ಚುವುದು ಬೇಡ. ದಿನ ಗೊತ್ತಾದ ಕೂಡಲೇ ಒಂದು ಕಾರ್ಡು ಹಾಕಿ, ನಾನೂ ಬರುತ್ತೇನೆ, ಟಿಕೆಟ್ಟಿನ ದುಡ್ಡು ಕೊಟ್ಟೇ ದಣಪೆ ದಾಟುತ್ತೇನೆ. ಕೆಂಪು ಡೇರೆಯ ಗಡ್ಡೆ ಬೇಸಿಗೆಯಲ್ಲಿ ಎತ್ತಿದಾಗ ನಿಮ್ಮ ಪಾಲು ತೆಗೆದಿಟ್ಟಿರುತ್ತೇನೆ. ನೀವು ಪತ್ರದಲ್ಲಿ ಬರೆದಿದ್ದೀರಲ್ಲ, ತುದಿ ಬಿಳಿ ಇರುವ ಹಳದಿ, ಅದರದ್ದೊಂದು ನನಗೆ ಇಟ್ಟಿರಿ.